ಕೂಡುಬಡಿತ

ಮಾರ್ಚ್ ತಿಂಗಳ ಒಂದು ಸೋಮವಾರ, ಬೆಳಿಗ್ಗೆ ಆರೂಮುಕ್ಕಾಲರಿಂದ ಏಳೂವರೆಯವರೆಗೆ, ಗದಗಿನ ಮೂವತ್ತೊಂದು ಜನರ ಹೃದಯಗಳು ಒಂದೇ ಕ್ಷಣಕ್ಕೆ ಬಡಿದವು. ಒಂದೇ ವೇಗದಲ್ಲಿ ಎಂದರೆ ಸಾಲದು, ಒಂದೇ ಕ್ಷಣಕ್ಕೆ. ಮರುದಿನ ನಮ್ಮ ಕೇಂದ್ರದ ಪರದೆಯ ಮೇಲೆ ಮೂವತ್ತೊಂದು ಗೆರೆಗಳು ಒಂದರ ಕೆಳಗೊಂದು, ಏರು ಏರಿಗೆ ಸರಿಯಾಗಿ, ಇಳಿತ ಇಳಿತಕ್ಕೆ ಸರಿಯಾಗಿ ನಿಂತದ್ದನ್ನು ಕಂಡು ಯಂತ್ರ ಕೆಟ್ಟಿದೆ ಎಂದುಕೊಂಡೆ. ಅರ್ಧ ದಿನ ಯಂತ್ರವನ್ನೇ ಬಿಚ್ಚಿ ನೋಡಿದೆ. ಅದು ಚೆನ್ನಾಗಿಯೇ ಇತ್ತು.

ನಾನು ಸುವರ್ಣಾ, ಗದಗಿನ ಹೃದಯ ನಿಗಾ ಕೇಂದ್ರದಲ್ಲಿ ಎಂಜಿನಿಯರ್. ಆ ಮೂವತ್ತೊಂದರಲ್ಲಿ ಹತ್ತೊಂಬತ್ತನೆಯ ಗೆರೆ ನನ್ನ ಅಪ್ಪನದು.

ಮೊದಲು ಗುಂಡಿಯ ವಿಷಯ ಹೇಳಿಬಿಡುತ್ತೇನೆ. ಹೃದಯ ತಾನಾಗಿ ಸರಿಯಾಗಿ ಬಡಿಯಲಾರದವರಿಗೆ ಹೃದಯದೊಳಗೇ ಕೂರಿಸುವ ಸಣ್ಣ ಸಾಧನವದು. ಅಂಗಿಯ ಗುಂಡಿಗಿಂತ ತುಸು ದಪ್ಪ, ಅದಕ್ಕೇ ಜನ ಆ ಹೆಸರಿಟ್ಟರು. ಹೃದಯ ಒಂದು ಬಡಿತ ತಪ್ಪಿಸಿದರೆ ಗುಂಡಿ ಸಣ್ಣಗೆ ಚುರುಕು ಮುಟ್ಟಿಸಿ ಬಡಿಸುತ್ತದೆ. ನಿಮಿಷಕ್ಕೆ ಇಷ್ಟಕ್ಕಿಂತ ಕಡಿಮೆಯಾಗಬಾರದು ಎಂದು ಡಾಕ್ಟರು ಅದರಲ್ಲಿ ಬರೆದಿರುತ್ತಾರೆ. ಗುಂಡಿ ಹಾಕಿಸಿಕೊಂಡವರ ಮನೆಯಲ್ಲಿ ಒಂದು ತಾಮ್ರದ ತಟ್ಟೆ ಇರುತ್ತದೆ. ದಿನಾ ಬೆಳಿಗ್ಗೆ ಅದರ ಮೇಲೆ ಅಂಗೈ ಇಟ್ಟರೆ ಹಿಂದಿನ ದಿನದ ಬಡಿತವೆಲ್ಲ ಚರ್ಮದ ಮೂಲಕ ತಟ್ಟೆಗಿಳಿದು ನಮ್ಮ ಕೇಂದ್ರಕ್ಕೆ ಬರುತ್ತದೆ. ನಾವು ಗುಂಡಿಗೆ ಏನಾದರೂ ತಿದ್ದುಪಡಿ ಕಳಿಸಬೇಕಾದರೂ ಅದೇ ದಾರಿ.

ಎಡವಟ್ಟಾದದ್ದು ಈ ಚರ್ಮದ ದಾರಿಯಲ್ಲೇ. ಒಂಬತ್ತು ವರ್ಷದ ಹಿಂದೆ, ಗುಂಡಿಯ ಪರೀಕ್ಷೆ ನಡೆಯುತ್ತಿದ್ದಾಗ, ಗಂಡ ಹೆಂಡತಿ ಇಬ್ಬರಿಗೂ ಗುಂಡಿಯಿದ್ದ ಒಂದು ಮನೆಯಿಂದ ಲೆಕ್ಕ ಕಲಸುಮೇಲೋಗರವಾಗಿ ಬರತೊಡಗಿತು. ಇಬ್ಬರೂ ಕೈ ಹಿಡಿದುಕೊಂಡಾಗ ಒಂದು ಗುಂಡಿಯ ಮಾತಿಗೆ ಇನ್ನೊಂದರ ಮಾತು ಅಡ್ಡ ಬರುತ್ತಿತ್ತು. ನಮ್ಮ ಮುಖ್ಯಸ್ಥ ಡಾ. ಇನಾಮದಾರ್ ಕ್ಯಾಂಟೀನಿನಲ್ಲೇ ಸಭೆ ಕರೆದರು. ಗಿರಮಿಟ್ಟು, ಮಿರ್ಚಿ ಬಂದವು.

"ಎರಡರಾಗ ಒಂದು ಇನ್ನೊಂದರ ತಾಳಕ್ಕ ಹೊಂದಕೋಬೇಕು. ಯಾವದು ಹೊಂದಕೋಬೇಕು?" ಎಂದರು.

"ಅದನ್ನೇನ್ ಕೇಳ್ತೀರಿ ಸರ್? ಸಣ್ಣವರು ದೊಡ್ಡವರಿಗೆ ದಾರಿ ಬಿಡಬೇಕು" ಎಂದೆ ನಾನು, ಬಾಯಲ್ಲಿ ಮಿರ್ಚಿ ಇಟ್ಟುಕೊಂಡು.

ಎಲ್ಲರೂ ತಲೆಯಾಡಿಸಿದರು. ಪ್ರತಿ ಗುಂಡಿಯಲ್ಲೂ ರೋಗಿಯ ವಯಸ್ಸು ಬರೆದಿರುತ್ತಿತ್ತು, ಹಾಗಾಗಿ ಕೆಲಸ ಸುಲಭ. ಕೈ ಕೂಡಿದಾಗ ಕಿರಿಯರ ಗುಂಡಿ ಹಿರಿಯರ ಗುಂಡಿಯ ತಾಳಕ್ಕೆ ಬಡಿಯತಕ್ಕದ್ದು, ಕೈ ಬಿಟ್ಟರೆ ಎರಡು ಸೆಕೆಂಡಿನಲ್ಲಿ ತನ್ನ ತಾಳಕ್ಕೆ ಮರಳತಕ್ಕದ್ದು. ಬೇರೆ ಕಡೆಯವರಾಗಿದ್ದರೆ ಯಾವುದೋ ಕ್ರಮಸಂಖ್ಯೆ ನೋಡಿ ತೀರ್ಮಾನಿಸುತ್ತಿದ್ದರೇನೋ. ನಾವು ವಯಸ್ಸು ನೋಡಿದೆವು. ಹಿರಿಯರ ತಾಳ ತೀರಾ ನಿಧಾನವಾದರೆ ಕಿರಿಯರು ಎಲ್ಲಿಯವರೆಗೆ ಅನುಸರಿಸಬೇಕು ಎಂಬ ಪ್ರಶ್ನೆ ಆ ಮೇಜಿನ ಸುತ್ತ ಕೂತ ಏಳು ಜನರಲ್ಲಿ ಒಬ್ಬರಿಗೂ ಹೊಳೆಯಲಿಲ್ಲ. ಹಿರಿಯರು ತಪ್ಪು ತಾಳ ಹಾಕಿಯಾರು ಎಂದು ಯೋಚಿಸಲು ನಮಗೆ ಯಾರೂ ಕಲಿಸಿರಲೇ ಇಲ್ಲ. ಆ ಮಿರ್ಚಿಯ ಖಾರ ಈಗಲೂ ಗಂಟಲಲ್ಲಿದೆ.

ಪರದೆಯ ಮೇಲೆ ಆ ಮೂವತ್ತೊಂದು ಗೆರೆ ಕಂಡ ಮಂಗಳವಾರ ಸಂಜೆ ಮನೆಗೆ ಬಂದವಳೇ ಅಪ್ಪನನ್ನು ಕೇಳಿದೆ. ನಾನು ಮದುವೆಯಾದವಳಲ್ಲ, ಅವ್ವ ತೀರಿದ ಮೇಲೆ ಮನೆಯಲ್ಲಿ ನಾವಿಬ್ಬರೇ. ಅಪ್ಪ ಫಕೀರಪ್ಪನಿಗೆ ಆಗ ಎಪ್ಪತ್ತೇಳು. ಬೆಟಗೇರಿಯ ಅರಳೆ ಜೀನದಲ್ಲಿ, ಅಂದರೆ ಹತ್ತಿಯಿಂದ ಬೀಜ ಬೇರ್ಪಡಿಸುವ ಕಾರ್ಖಾನೆಯಲ್ಲಿ, ಮೂವತ್ತೆಂಟು ವರ್ಷ ಫಿಟ್ಟರ್ ಆಗಿದ್ದವನು. ಮಠ, ಮಂದಿರ, ಸ್ವಾಮಿಗಳು ಎಂದರೆ ಅವನಿಗೆ ನಗೆ. ಪಲ್ಲಕ್ಕಿ ಹೋಗುವುದನ್ನು ಕಂಡರೆ, "ಹೊತ್ತವರಿಗೆ ಬೆನ್ನುಬ್ಯಾನಿ, ಕುಂತವರಿಗೆ ಪುಣ್ಯ" ಎನ್ನುತ್ತಿದ್ದ.

"ಅಪ್ಪಾ, ನಿನ್ನೆ ಮುಂಜಾನೆ ಎಲ್ಲಿದ್ದಿ?"

"ಜೀನದಾಗ."

"ಜೀನ ಮುಚ್ಚಿ ಹನ್ನೆರಡು ವರ್ಷ ಆತಲ್ಲ!"

"ಮಷಿನ್ ಇಲ್ಲ, ಜಾಗ ಐತಿ. ಗುಂಡಿಯವರೆಲ್ಲ ಕೈ ಕೈ ಹಿಡ್ಕೊಂಡು ಕುಂದ್ರತೇವಿ. ನಗಬ್ಯಾಡ ಮತ್ತ."

ನನಗೆ ನಗು ಬರಲಿಲ್ಲ. ಏನಾಗುತ್ತದೆ ಎಂದು ಕೇಳಿದೆ.

"ಜೀನ ಚಾಲೂ ಆದಾಗ ನೆಲ ನಡಗತಿತ್ತು, ನಿನಗ ನೆನಪೈತಿಲ್ಲೋ? ಮುನ್ನೂರು ಮಂದಿ ಅದರ ತಾಳಕ್ಕ ಕೆಲಸ ಮಾಡತಿದ್ವಿ. ಯಾರಿಗೂ ತಾ ಒಬ್ಬಂವ ಅಂತ ಅನಸ್ತಿರಲಿಲ್ಲ. ಈಗ ಹಂಗನ ಆಗತೈತಿ. ನಿಮ್ಮವ್ವ ಹೋದ ಮ್ಯಾಲೆ ಮೊದಲ ಸಲ."

ಮರುದಿನ ನಾನೂ ಹೋದೆ. ಜೀನದ ತಗಡಿನ ಛಾವಣಿಯ ಕೆಳಗೆ ಚಾಪೆ ಹಾಸಿದ್ದರು. ಬಾಗಿಲಲ್ಲಿ ಮುರಿಗೆಪ್ಪ ಎಂಬವರು ಕೈಯಲ್ಲಿ ರಟ್ಟು ಹಿಡಿದು ನಿಂತು ಬಂದವರನ್ನೆಲ್ಲ ವಯಸ್ಸು ಕೇಳಿ ಕೂರಿಸುತ್ತಿದ್ದರು. ಬಸ್ ನಿಲ್ದಾಣದಲ್ಲಿ ಕಂಟ್ರೋಲರ್ ಆಗಿ ನಿವೃತ್ತರಾದವರು, ಆ ದನಿ ಇನ್ನೂ ಇಳಿದಿರಲಿಲ್ಲ. ದೇವರಿಲ್ಲ, ದೀಪವಿಲ್ಲ, ಮಂತ್ರವಿಲ್ಲ. ನಡುವೆ ಒಂದು ಕುರ್ಚಿಯಲ್ಲಿ ತೊಂಬತ್ತರ ಕಾಶವ್ವ, ಬಳೆ ಮಾರಿ ಬದುಕಿದ ಮುದುಕಿ. ಅವರ ಎಡಗೈ ಹಸನಸಾಬರ ಕೈಯಲ್ಲಿ, ಹಸನಸಾಬರ ಇನ್ನೊಂದು ಕೈ ಹಿರೇಮಠದ ಅಯ್ಯನವರ ಕೈಯಲ್ಲಿ, ಅವರದು ಪೌರಕಾರ್ಮಿಕ ದುರ್ಗಪ್ಪನ ಕೈಯಲ್ಲಿ. ನಮ್ಮ ಊರಿನಲ್ಲಿ ಇಂಥ ಸಾಲನ್ನು ನಾನು ಕಂಡಿರಲಿಲ್ಲ. ಆಸ್ಪತ್ರೆಯ ಬೆಂಚಿನ ಮೇಲೆ ಒಬ್ಬರಿಗೆ ತಲೆಸುತ್ತು ಬಂದು ಪಕ್ಕದವರ ಕೈ ಹಿಡಿದದ್ದೇ ಇದರ ಆರಂಭವಂತೆ.

ನಾನು ಮುರಿಗೆಪ್ಪನವರಿಗೆ ಎಲ್ಲವನ್ನೂ ವಿವರಿಸಿದೆ. ಇದು ಪವಾಡ ಅಲ್ಲ, ನಾನೇ ಬರೆದ ಒಂದು ಸಾಲಿನ ನಿಯಮ ಎಂದೆ. ಅವರು ಗೌರವದಿಂದಲೇ ಕೇಳಿಸಿಕೊಂಡರು.

"ಮಳಿ ಹೆಂಗ ಆಗತೈತಿ ಅಂತ ನಾನೂ ಸಾಲ್ಯಾಗ ಓದೇನಿ ಮೇಡಂ ಅವರ. ಓದೇನಿ ಅಂತ ಮಳಿಯಾಗ ತೊಯ್ಯೋದು ಬಿಟ್ಟೈತೇನು?"

ನಾನು ಚಪ್ಪಲಿ ಮೆಟ್ಟಿ ಕೇಂದ್ರಕ್ಕೆ ಹೊರಟೆ.

ಎರಡು ವರ್ಷದಲ್ಲಿ ಮೂವತ್ತೊಂದು ಜನ ಸಾವಿರದ ನೂರಾದರು. ಪತ್ರಿಕೆಯವರು 'ಕೂಡುಬಡಿತದವರು' ಎಂದು ಹೆಸರಿಟ್ಟರು, ಅದೇ ನಿಂತಿತು. ಒಬ್ಬ ಸ್ವಾಮಿಗಳು ಇದು ನಮ್ಮ ಧರ್ಮದ ಸಾರವೇ ಎಂದರು, ಇನ್ನೊಬ್ಬರು ಧರ್ಮದ್ರೋಹ ಎಂದರು. ಧಾರವಾಡದಿಂದ ಒಬ್ಬ ಪ್ರಾಧ್ಯಾಪಕರು ಬಂದು ಮೂರು ತಿಂಗಳು ಟಿಪ್ಪಣಿ ಮಾಡಿಕೊಂಡು, ಕೊನೆಗೆ ಟಿಪ್ಪಣಿ ಬಿಟ್ಟು ಹೊರಸುತ್ತಿನಲ್ಲಿ ಕೂತರು. ಹೊರಸುತ್ತು ಎಂದರೆ ಗುಂಡಿ ಇಲ್ಲದವರು ಕೂರುವ ಜಾಗ. ಅವರು ಒಳಗಿನವರ ಮಣಿಕಟ್ಟಿನ ನಾಡಿಯ ಮೇಲೆ ಬೆರಳಿಟ್ಟು ಕೂರುತ್ತಿದ್ದರು. ಮದುವೆಗಳಲ್ಲಿ ಎರಡೂ ಮನೆಯ ಹಿರಿಯರು ಮೊದಲು ಕೈ ಕೂಡಿಸುವ ರೂಢಿ ಬಂತು. ಅತ್ತೆ ಬೈಯುವುದು ಬಿಟ್ಟಿದ್ದಾರೆ ಎಂದು ಸೊಸೆಯಂದಿರು ಖುಷಿಪಟ್ಟರು. ಸುಳ್ಳು ಯಾಕೆ ಹೇಳಲಿ, ನಾನೂ ಖುಷಿಪಟ್ಟೆ. ಅಪ್ಪ ರೊಟ್ಟಿ ಎರಡು ಜಾಸ್ತಿ ತಿನ್ನುತ್ತಿದ್ದ, ಅವ್ವನ ಸುದ್ದಿ ಬಂದರೆ ಎದ್ದು ಹೋಗುತ್ತಿರಲಿಲ್ಲ. ಆದರೆ ಹೊರಸುತ್ತಿನ ಕೆಲವರಿಗೆ ಹೊರಗೇ ಕೂರುವುದು ಸಾಕಾಯಿತು. ಪಕ್ಕದ ಜಿಲ್ಲೆಯಲ್ಲಿ ಒಂದು ಖಾಸಗಿ ಆಸ್ಪತ್ರೆ ಗಟ್ಟಿಮುಟ್ಟಾದ ಹೃದಯಗಳಿಗೂ ಗುಂಡಿ ಹಾಕಲು ಶುರುಮಾಡಿದೆ ಎಂಬ ಸುದ್ದಿ ಬಂದಾಗ ನನಗೆ ಮೊದಲ ಸಲ ಹೆದರಿಕೆಯಾಯಿತು.

ಎರಡನೆಯ ಹೆದರಿಕೆ ಪರದೆಯ ಮೇಲೆ ಬಂತು. ಕಾಶವ್ವನ ಗುಂಡಿ ಪರೀಕ್ಷೆಯ ಕಾಲದ್ದು. ಅದರ ಬ್ಯಾಟರಿ ಮುಗಿಯುತ್ತ ಬಂದಿತ್ತು. ಬ್ಯಾಟರಿ ಮುಗಿಯುವಾಗ ಗುಂಡಿ ಬಡಿತವನ್ನು ಮೆಲ್ಲಗೆ ಇಳಿಸುತ್ತ ಬರುತ್ತದೆ, ಬದಲಿಸಿ ಎಂದು ಡಾಕ್ಟರಿಗೆ ಅದು ಕೊಡುವ ಸೂಚನೆ. ಅರವತ್ತಿದ್ದದ್ದು ಐವತ್ನಾಲ್ಕು, ಐವತ್ತು, ನಲವತ್ತೇಳು. ಹಿರಿಯಕ್ಕನ ಚಾಳಿ ಮನೆಮಂದಿಗೆಲ್ಲ ಎಂಬಂತೆ, ಜೀನದಲ್ಲಿ ಕೂತ ಸಾವಿರದ ನೂರು ಹೃದಯಗಳೂ ದಿನಕ್ಕೆ ಮುಕ್ಕಾಲು ಗಂಟೆ ನಲವತ್ತೇಳಕ್ಕೆ ಬಡಿಯುತ್ತಿದ್ದವು.

ಡಾ. ಇನಾಮದಾರ್ ಪರದೆಯ ಮುಂದೆ ನಿಂತು ಕನ್ನಡಕ ಒರೆಸಿದರು. "ನಲವತ್ತರ ಕೆಳಗ ಇಳಿದರ ತಲಿಗೆ ರಕ್ತ ಸಾಲಂಗಿಲ್ಲ. ಮೂವತ್ತಕ್ಕ ಬಂದರ ಈ ವಯಸ್ಸಿನವರು ಹತ್ತು ನಿಮಿಷ ತಡಕೋಳೋದು ಕಷ್ಟ, ಸುವರ್ಣಾ. ಅವರಿಗೆ ಇದು ಗೊತ್ತಾಗೇತೇನು?"

ಅವರಿಗೆ ಬೇರೆಯದೇ ಗೊತ್ತಾಗಿತ್ತು. ರಕ್ತ ಕಡಿಮೆಯಾದಾಗ ಬರುವ ಮಂಪರಿಗೆ ಅವರು 'ಇಳಿತ' ಎಂದು ಹೆಸರಿಟ್ಟಿದ್ದರು. "ಇವತ್ತ ಇಳಿತ ಭಾಳ ಚಲೋ ಇತ್ತು" ಎಂದು ಅಪ್ಪ ಊಟ ಮಾಡುತ್ತ ಹೇಳುತ್ತಿದ್ದ. ಮೂರ್ಛೆ ಹೋದವರನ್ನು ಮುಳುಗಿದವರು ಎನ್ನುತ್ತಿದ್ದರು. ಆ ತಿಂಗಳು ಇಬ್ಬರು ಮುದುಕರು ಮುಳುಗಿ ಮೇಲೆ ಬರಲಿಲ್ಲ. ಅವರ ಫೋಟೋಗಳನ್ನು ಜೀನದ ಗೋಡೆಗೆ ಹಾಕಿ ಹಾರ ಹಾಕಿದರು.

ನಾವು ಒಂದು ವಾರ ಕೂತು ತಿದ್ದುಪಡಿ ಬರೆದೆವು. ಗುಂಡಿ ಗುಂಡಿಗಳ ನಡುವಿನ ಮಾತನ್ನೇ ಪೂರ್ತಿ ಕತ್ತರಿಸುವ ತಿದ್ದುಪಡಿ ಅದು. ಮರುದಿನ ಬೆಳಿಗ್ಗೆ ಎಲ್ಲರೂ ತಟ್ಟೆಯ ಮೇಲೆ ಕೈ ಇಟ್ಟರೆ ಮುಗಿಯಿತು. ಆದರೆ ಕಚೇರಿಯ ಯಾರದೋ ಚಿಕ್ಕಮ್ಮ ಜೀನಕ್ಕೆ ಹೋಗುವವರು, ಸುದ್ದಿ ರಾತ್ರಿಯೇ ಸೋರಿತು. ಬೆಳಿಗ್ಗೆ ಏಳರಿಂದ ಹತ್ತರವರೆಗೆ ನಾನು ಪರದೆ ನೋಡುತ್ತ ನಿಂತೆ. ದಿನಾ ಹಸಿರಾಗುತ್ತಿದ್ದ ಸಾವಿರದ ನೂರು ಚುಕ್ಕೆಗಳಲ್ಲಿ ಒಂದೂ ಹಸಿರಾಗಲಿಲ್ಲ. ಅಷ್ಟೂ ಜನ ತಟ್ಟೆಗಳನ್ನು ಬಟ್ಟೆಯಲ್ಲಿ ಸುತ್ತಿ ಅಟ್ಟಕ್ಕೆ ಹಾಕಿದ್ದರು. ನಮ್ಮ ಮನೆಯ ತಟ್ಟೆಯೂ ಅಟ್ಟದ ಮೇಲಿತ್ತು.

ಇಲಾಖೆಗೆ ಬರೆದೆವು. ಇದು ಜನರ ಭಾವನೆಗೆ ಸಂಬಂಧಿಸಿದ ವಿಷಯವಾದ್ದರಿಂದ ಎಚ್ಚರಿಕೆಯಿಂದ ವರ್ತಿಸತಕ್ಕದ್ದು ಎಂದು ಉತ್ತರ ಬಂತು. ಆ ಎಚ್ಚರಿಕೆಯಿಂದ ಯಾರ ಹೃದಯ ಬಡಿಯುತ್ತದೋ ನನಗೆ ತಿಳಿಯಲಿಲ್ಲ.

ಉಳಿದದ್ದು ಒಂದೇ ದಾರಿ, ಕಾಶವ್ವನ ಬ್ಯಾಟರಿ ಬದಲಿಸುವುದು. ಒಂದು ಮಧ್ಯಾಹ್ನ ಅವರ ಮನೆಗೆ ಹೋದೆ. ಅಂಗಳದ ತುಂಬ ಭಕ್ತರು ಕೂತಿದ್ದರು. ಮುರಿಗೆಪ್ಪ ಒಳಗೆ ಬಿಟ್ಟರು, ಆದರೆ ಬಾಗಿಲಲ್ಲೇ ನಿಂತರು. ಕಾಶವ್ವನ ತುಟಿ ನೀಲಿಯಾಗಿತ್ತು.

"ಆಯೀ, ಅರ್ಧ ತಾಸಿನ ಕೆಲಸ. ಹೊಸಾದು ಹಾಕಿದರ ಮತ್ತ ಮೊದಲಿನಂಗ ಓಡಾಡತೀರಿ."

ಅವರು ಬಾಗಿಲ ಕಡೆ ನೋಡಿ ದನಿ ತಗ್ಗಿಸಿದರು. "ನನಗೂ ಬೇಕಾಗೇತಿ ಯವ್ವಾ. ಮೆಟ್ಟಿಲ ಹತ್ತಾಕ ಆಗವಲ್ದು. ಆದರ ಈ ಮಂದಿ ನನ್ನ ಮಾರಿ ನೋಡ್ಕೋತ ಕುಂತಾರಲ್ಲ. ದೇವ್ರ ಆಗತೇನಿ ಅಂತ ನಾ ಯಾರಿಗೂ ಹೇಳಿರಲಿಲ್ಲ, ನನ್ನ ಯಾರೂ ಕೇಳಲೂ ಇಲ್ಲ. ಈಗ ಒಲ್ಲೆ ಅಂದರ ಅವರಿಗೆ ಏನಾಗಬ್ಯಾಡ?"

"ಆಯಿ ಒಪ್ಪಂಗಿಲ್ಲ ಮೇಡಂ ಅವರ. ಇಳಿತ ಅವರ ತಪಸ್ಸು" ಎಂದರು ಮುರಿಗೆಪ್ಪ ಬಾಗಿಲಿನಿಂದ. ಅಂಗಳದವರು ಕೈಮುಗಿದರು. ಕಾಶವ್ವ ಕಣ್ಣು ಮುಚ್ಚಿದರು.

ಆ ದಿನ ಹೊರಸುತ್ತಿನಲ್ಲಿ ಕೂತಿದ್ದ ಪ್ರಾಧ್ಯಾಪಕರಿಗೆ ಫೋನ್ ಮಾಡಿ ಕೇಳಿದೆ. ಬೆಳಿಗ್ಗೆ ಎಣಿಸಿದ್ದರಂತೆ. ನಲವತ್ತೊಂದು.

ನಾನು ಕೇಂದ್ರದಿಂದ ಒಂದು ತಟ್ಟೆಯನ್ನು ಚೀಲದಲ್ಲಿ ಹಾಕಿಕೊಂಡು ಮನೆಗೆ ಬಂದೆ. ಅಪ್ಪ ಊಟ ಮಾಡಿ ಮಂಚದ ಮೇಲೆ ಮಲಗಿದ್ದ. ಅಂಗೈ ಮೇಲೆ ಮಾಡಿ ಮಲಗುವುದು ಅವನ ಅಭ್ಯಾಸ. ನನ್ನ ಮುಂದೆ ಎರಡು ದಾರಿ ಇದ್ದವು. ತಿದ್ದುಪಡಿಯನ್ನು ಅಪ್ಪನಿಗೆ ಹಾಕಿದರೆ ಅವನ ಗುಂಡಿ ಇನ್ನು ಯಾರನ್ನೂ ಅನುಸರಿಸುವುದಿಲ್ಲ, ಅಪ್ಪ ಉಳಿಯುತ್ತಾನೆ. ಉಳಿದ ಸಾವಿರದ ನೂರು ಜನ ಕಾಶವ್ವನ ಹಿಂದೆ ಇಳಿಯುತ್ತಾರೆ. ಇಲ್ಲವೇ ನಿಯಮವನ್ನು ನಿಯಮದಿಂದಲೇ ಮೋಸಗೊಳಿಸಬೇಕು. ಅಪ್ಪನ ಗುಂಡಿ ಬಂದು ಮೂರು ವರ್ಷವಷ್ಟೇ, ಬ್ಯಾಟರಿ ತುಂಬಿತ್ತು, ಅರವತ್ತೈದರ ಕೆಳಗೆ ಇಳಿಯುತ್ತಿರಲಿಲ್ಲ. ಕಾಶವ್ವನಿಗಿಂತ ಹಿರಿಯರೊಬ್ಬರು ಆ ಸುತ್ತಿನಲ್ಲಿ ಕೂತರೆ ಎಲ್ಲರೂ ಅವರನ್ನೇ ಅನುಸರಿಸುತ್ತಾರೆ.

ಅವನನ್ನು ಕೇಳಬೇಕಿತ್ತು. ಕೇಳಿದರೆ ಬೇಡ ಎನ್ನುತ್ತಾನೆಂದು ಗೊತ್ತಿತ್ತು, ಅದಕ್ಕೇ ಕೇಳಲಿಲ್ಲ. ತಟ್ಟೆಯನ್ನು ಮಗುಚಿ ಅವನ ಅಂಗೈ ಮೇಲಿಟ್ಟು, ವಯಸ್ಸು ಎಪ್ಪತ್ತೊಂಬತ್ತು ಎಂದಿದ್ದನ್ನು ಅಳಿಸಿ ನೂರು ಎಂದು ಬರೆದೆ. ಇಪ್ಪತ್ತು ಸೆಕೆಂಡಿನ ಕೆಲಸ.

ಮರುದಿನ ಬೆಳಿಗ್ಗೆ ಜೀನದ ಬಾಗಿಲಲ್ಲಿ ನಿಂತು ನೋಡಿದೆ. ಕೈಗಳು ಒಂದೊಂದಾಗಿ ಕೂಡಿದವು. ಅಪ್ಪ ದುರ್ಗಪ್ಪನ ಕೈ ಹಿಡಿದದ್ದೇ ತಡ, ಇಡೀ ಸುತ್ತು ಒಮ್ಮೆಲೇ ದೊಡ್ಡ ಉಸಿರು ತೆಗೆದುಕೊಂಡಿತು. ಬಿಳಿಚಿದ ಮುಖಗಳಿಗೆ ಬಣ್ಣ ಬಂತು. ಮುಳುಗಿ ಕೂತಿದ್ದ ಒಬ್ಬ ಮುದುಕಿ ಕಣ್ಣು ಬಿಟ್ಟು, "ಯಾರೋ ಬಂದ್ರು!" ಎಂದು ಕೂಗಿದಳು.

ಕಾಶವ್ವ ಎರಡೂ ಕೈ ಬಿಡಿಸಿಕೊಂಡರು. ಉಳಿದವರ ಬಡಿತ ಬದಲಾಗಲಿಲ್ಲ. ಮುರಿಗೆಪ್ಪನಿಗೆ ದಿಗಿಲಾಯಿತು. ಆದರೆ ಅವರು ಮೂವತ್ತು ವರ್ಷ ಬಸ್ಸುಗಳ ಲೆಕ್ಕ ಇಟ್ಟವರು. ಕಾಶವ್ವನ ಕೈ ಮತ್ತೆ ಕೂಡಿಸಿ, ಒಬ್ಬೊಬ್ಬರಿಗೇ ಕೈ ಬಿಡಲು ಹೇಳುತ್ತ, ಪಕ್ಕದವರ ನಾಡಿ ನೋಡುತ್ತ ಸುತ್ತು ಬಂದರು. ಅಪ್ಪ ಕೈ ಬಿಟ್ಟಾಗ ಎಲ್ಲರೂ ತತ್ತರಿಸಿದರು. ಮುರಿಗೆಪ್ಪ ಅಲ್ಲೇ ಅಪ್ಪನ ಮುಂದೆ ಮಂಡಿಯೂರಿದರು. ಅಪ್ಪ ಗಾಬರಿಯಿಂದ ಆಚೀಚೆ ನೋಡಿ, ಕೊನೆಗೆ ಬಾಗಿಲಲ್ಲಿದ್ದ ನನ್ನನ್ನು ನೋಡಿದ. ನಾನು ತಲೆ ತಗ್ಗಿಸಿದೆ.

ಕಾಶವ್ವನಿಗೆ ಅದೇ ವಾರ ಹೊಸ ಗುಂಡಿ ಬಂತು. ಯಾರೂ ತಡೆಯಲಿಲ್ಲ, ಯಾರಿಗೂ ಈಗ ಅವರ ಕಡೆ ಗಮನವಿರಲಿಲ್ಲ. ಈಗವರು ಸಂಜೆ ಕಟ್ಟೆಯ ಮೇಲೆ ಕೂತು ಓಣಿಯ ಹುಡುಗಿಯರಿಗೆ ಬಳೆ ತೊಡಿಸುತ್ತಾರೆ. ಅಷ್ಟು ಸಮಾಧಾನ ನನಗಿದೆ.

ಅಪ್ಪನ ಕಾಲು ಮುಟ್ಟಲು ಜನ ಬಂದಾಗ ಮೊದಮೊದಲು ಅವನು ಕಾಲು ಎಳೆದುಕೊಳ್ಳುತ್ತಿದ್ದ. "ಏಳ್ರೋ, ಗ್ರೀಸ್ ಹಚ್ಕೊಂಡ ಕಾಲದು" ಎನ್ನುತ್ತಿದ್ದ. ಶ್ರಾವಣ ಮುಗಿಯುವ ಹೊತ್ತಿಗೆ ಎಳೆದುಕೊಳ್ಳುವುದು ಬಿಟ್ಟ. ದಸರೆಯ ಹೊತ್ತಿಗೆ ಜೀನದಲ್ಲೇ ಮಲಗತೊಡಗಿದ, ಸುತ್ತ ಸದಾ ಹತ್ತು ಜನ. ಜಗತ್ತಿನಲ್ಲಿ ನನಗಿರುವವನು ಒಬ್ಬನೇ, ಅವನನ್ನು ನೋಡಲು ಸರದಿಯಲ್ಲಿ ನಿಲ್ಲಬೇಕಾಯಿತು. ಸಂಕಟವಾಯಿತು, ಸಿಟ್ಟೂ ಬಂತು. ನಾನೇ ಮಾಡಿದ್ದು, ಯಾರನ್ನು ಬೈಯಲಿ?

ಗುಟ್ಟು ಬಹಳ ದಿನ ಉಳಿಯಲಿಲ್ಲ. ಖಾಸಗಿ ಆಸ್ಪತ್ರೆಯವರು ತಮ್ಮ ಯಂತ್ರವನ್ನು ಅಪ್ಪನ ಕೈಗೆ ಮುಟ್ಟಿಸಿ ನೋಡಿದರು, ವಯಸ್ಸು ನೂರು ಎಂದು ಬಂತು. ಮುರಿಗೆಪ್ಪ ಅದನ್ನು ಅಪ್ಪನ ಮಹಿಮೆ ಎಂದು ಸಾರಿದರು. ಆಸ್ಪತ್ರೆಯವರು ಮಾತ್ರ ಅದರ ಒಳಮರ್ಮ ಹಿಡಿದರು. ಅಂಕಿಯೊಂದು ದೊಡ್ಡದಿದ್ದರೆ ಸಾಕು, ಸಾವಿರಾರು ಹೃದಯಗಳು ಹಿಂದೆ ಬರುತ್ತವೆ. ಕೊಪ್ಪಳದ ಕಡೆ ನೂರಾ ಐದು ವರ್ಷದವರೊಬ್ಬರು ಹುಟ್ಟಿಕೊಂಡರು. ಇವರು ಚಾಪೆ ಕೆಳಗೆ ತೂರಿದರೆ ಅವರು ರಂಗೋಲಿ ಕೆಳಗೆ ತೂರಿದರು. ನೂರಾ ಇಪ್ಪತ್ತು ಬಂತು, ನೂರಾ ನಲವತ್ತು ಬಂತು. ಒಂದೊಂದಕ್ಕೂ ಒಂದು ಪಂಗಡ, ಒಂದು ಬಣ್ಣದ ಶಾಲು.

"ನಮ್ಮ ನಾಡಿನಾಗ ಮಂದಿ ಆಯುಷ್ಯ ಭಾಳ ಹೆಚ್ಚಾಗೇತಿ" ಎಂದು ಡಾ. ಇನಾಮದಾರ್ ನಗಲು ಹೋದರು. ಆಮೇಲೆ ಇಲಾಖೆ ಕಳಿಸಿದ ಹೊಸ ಗುಂಡಿಗಳ ಪಟ್ಟಿಯ ಕೊನೆಯ ಸಾಲನ್ನು ಓದಿ ಹಾಳೆಯನ್ನು ನನ್ನ ಕಡೆ ತಿರುಗಿಸಿದರು.

ಪ್ರತೀಕ್ಷಾ ಎಂಬ ಹುಡುಗಿ, ಇಪ್ಪತ್ಮೂರು ವರ್ಷ. ಹೃದಯದಲ್ಲಿ ಯಾವ ದೋಷವೂ ಇಲ್ಲ. ಗುಂಡಿಯಲ್ಲಿ ಬರೆದ ವಯಸ್ಸು ಇನ್ನೂರು. ಬರೆದ ಬಡಿತ ಮೂವತ್ತು.

ಕಾಶವ್ವನ ಕಾಲದ ಇಳಿತವನ್ನು ಜನ ಮರೆತಿರಲಿಲ್ಲ. ಅದನ್ನು ಮರಳಿ ಕೊಡುತ್ತೇವೆ ಎಂದು ಅವಳ ಪಂಗಡ ಮಾತು ಕೊಟ್ಟಿತ್ತು. ಇದರಲ್ಲಿ ಆ ಹುಡುಗಿಯ ಕಪಟವೇನೂ ಇರಲಿಲ್ಲ ಎಂದೇ ಈಗಲೂ ನಂಬಿದ್ದೇನೆ. ಅವಳ ಹೃದಯ ತಾನೇ ಎಪ್ಪತ್ತೆರಡಕ್ಕೆ ಬಡಿಯುತ್ತದೆ, ಆ ಮೂವತ್ತು ಅವಳಿಗೆ ತಟ್ಟುವುದೇ ಇಲ್ಲ. ಗುಂಡಿ ಮಾತ್ರ ತನ್ನ ಮೂವತ್ತನ್ನು ಸಾರುತ್ತಲೇ ಇರುತ್ತದೆ. ಅದನ್ನು ಪಾಲಿಸಬೇಕಾದವರು ತಾವಾಗಿ ಬಡಿಯಲಾರದ ಮುದಿ ಹೃದಯಗಳು.

ಮರುವರ್ಷದ ಕಾರ್ತಿಕದಲ್ಲಿ ಪಂಗಡಗಳೆಲ್ಲ ಜಗಳ ಬಿಟ್ಟು ಒಂದೇ ಮೈದಾನದಲ್ಲಿ ಕೈ ಕೂಡಿಸುವುದೆಂದು ತೀರ್ಮಾನವಾಯಿತು. ಗುಂಡಿಯಿರುವ ಆರು ಸಾವಿರ ಜನ. ಡಾ. ಇನಾಮದಾರ್ ಮತ್ತು ನಾನು ಕಚೇರಿಯಿಂದ ಕಚೇರಿಗೆ ಅಲೆದೆವು. ಶಾಂತವಾಗಿ ಕೈ ಹಿಡಿದು ಕೂರುವವರನ್ನು ಯಾವ ಕಾನೂನಿನ ಕೆಳಗೆ ತಡೆಯುವುದು ಎಂದು ಕೇಳಿದರು. ಕೊನೆಗೆ ನಾಲ್ಕು ಆಂಬುಲೆನ್ಸ್ ಕೊಟ್ಟರು.

ಆ ದಿನ ಬೆಳಿಗ್ಗೆ ಅಪ್ಪ ಎಷ್ಟೋ ತಿಂಗಳ ಮೇಲೆ ಮನೆಗೆ ಬಂದ. ಜೊತೆಯವರನ್ನು ಹೊರಗೇ ನಿಲ್ಲಿಸಿದ. ಬಿಸಿ ರೊಟ್ಟಿ, ಎಣ್ಣೆಗಾಯಿ ಬಡಿಸಿದೆ. ಅವನು ಅರ್ಧ ರೊಟ್ಟಿ ತಿನ್ನುವವರೆಗೆ ತಡೆದುಕೊಂಡೆ.

"ಅಪ್ಪಾ, ಅಕಿ ಇನ್ನೂರು ವರ್ಷದಾಕಿ ಅಲ್ಲ. ಇಪ್ಪತ್ಮೂರು ಅಕಿಗೆ. ಸುಳ್ಳು ಬರದಾರ."

"ನಾನೂ ನೂರು ವರ್ಷದಂವ ಅಲ್ಲಲ್ಲ" ಎಂದ ಅಪ್ಪ, ರೊಟ್ಟಿ ಮುರಿಯುತ್ತ.

ನನ್ನ ಕೈಯಲ್ಲಿದ್ದ ಸೌಟು ನಿಂತಿತು.

"ಅವತ್ತ ನನಗ ನಿದ್ದಿ ಹತ್ತಿರಲಿಲ್ಲ. ತಾಮ್ರ ತಣ್ಣಗ ಹತ್ತಿತು ಕೈಗೆ. ಮಗಳು ಏನರ ಮಾಡಿದರ ಚಲೋದಕ್ಕ ಮಾಡಿರತಾಳ ಅಂತ ಸುಮ್ಮನ ಮಲಗಿದ್ದೆ."

ನನಗೆ ಅಳು ಬಂತು. ಕೋಣೆಗೆ ಹೋಗಿ ತಟ್ಟೆ ತಂದು ಅವನ ಮುಂದಿಟ್ಟೆ. "ಹಂಗಾದರ ಇನ್ನೊಂದು ಸಲ ಕೈ ಇಡು. ಒಂಬೈನೂರಾ ತೊಂಬತ್ತೊಂಬತ್ತು ಬರೀತೇನಿ. ನೀನ ಎಲ್ಲಾರಕಿಂತ ದೊಡ್ಡಂವ ಆಗತಿ. ಆರು ಸಾವಿರ ಮಂದಿ ಉಳೀತಾರ. ನೀ ಉಳೀತಿ."

ಅಪ್ಪ ತಟ್ಟೆಯನ್ನು ನೋಡಿದ, ಮುಟ್ಟಲಿಲ್ಲ.

"ಮುಂದ ಕುಂತವಗ ಏನೂ ಸಿಗಂಗಿಲ್ಲ ಸುವರ್ಣಾ. ಎಲ್ಲಾರೂ ನನ್ನ ತಾಳಕ್ಕ ಬಡೀತಾರ, ನಾ ಯಾರ ತಾಳಕ್ಕ ಬಡೀಲಿ? ಕಾಶವ್ವನ ಕೈ ಹಿಡದಾಗ ನಿಮ್ಮವ್ವ ಬಾಜೂಕ ಕುಂತಾಳ ಅನಸ್ತಿತ್ತು. ನೀ ನನ್ನ ದೊಡ್ಡಂವನ್ನ ಮಾಡಿದಿ, ಅಂದಿನಿಂದ ಅಕಿ ಬಂದಿಲ್ಲ. ಒಂದೊಪ್ಪತ್ತರ ನಾ ಸಣ್ಣಂವ ಆಗಬೇಕವಾ."

"ಮೂವತ್ತಕ್ಕ ಇಳಿದರ ಎದ್ದು ಬರಂಗಿಲ್ಲಪ್ಪಾ ನೀ!"

"ಬರತೇನೇಳು" ಎಂದು ಅವನು ಎದ್ದು ಕೈ ತೊಳೆದ. ಅವನಿಗೆ ಬದಲಿ ಧೋತರ ನಾನೇ ತೆಗೆದುಕೊಟ್ಟೆ. ಏನು ಮಾಡುವುದೆಂದು ತಿಳಿಯದೆ ಕೈಗಳು ತಮ್ಮ ಪಾಡಿಗೆ ಕೆಲಸ ಮಾಡಿದವು.

ಮೈದಾನದಲ್ಲಿ ನಾನು ಹೊರಸುತ್ತಿನವಳಾಗಿ ಅಪ್ಪನ ಬೆನ್ನ ಹಿಂದೆ ಕೂತೆ. ಕೈ ಕೂಡಿದ ಕೂಡಲೇ ಬಿಡಿಸಿಬಿಡುತ್ತೇನೆ, ಎರಡು ಸೆಕೆಂಡಿನಲ್ಲಿ ಅವನ ಗುಂಡಿ ಅವನ ಮಾತು ಕೇಳುತ್ತದೆ ಎಂದು ಲೆಕ್ಕ ಹಾಕಿದ್ದೆ. ಅವನ ಎಡ ಮಣಿಕಟ್ಟಿನ ಮೇಲೆ ಬೆರಳಿಟ್ಟೆ. ಅರವತ್ತೈದು. ಆ ಕೈಯಿಂದ ಹಿಂದಕ್ಕೆ, ಜೀನದ ಜನವೆಲ್ಲ ಕೈಗೆ ಕೈ ಕೂಡಿಸಿ ಸಾಲಾಗಿ ಕೂತಿದ್ದರು. ಎದುರಿನಿಂದ ಆ ಹುಡುಗಿ ನಗುತ್ತ ಬಂದು, ಅಜ್ಜನಿಗೆ ಕೊಡುವ ಗೌರವದಿಂದ ತಲೆಬಾಗಿ, ಅಪ್ಪನ ಬಲಗೈ ಹಿಡಿದಳು, ಇನ್ನೊಂದು ಕೈಯನ್ನು ಉಳಿದ ಪಂಗಡಗಳ ಸಾಲಿಗೆ ಕೊಟ್ಟಳು.

ಬೆರಳ ಕೆಳಗಿನ ನಾಡಿ ನಿಂತಿತು. ಬಹಳ ಹೊತ್ತಾದ ಮೇಲೆ ಒಂದು ಬಡಿತ ಬಂತು. ಮತ್ತೆ ನಿಂತಿತು. ಮೈದಾನದ ಮಾತೆಲ್ಲ ಒಂದೇ ಸಲ ಅಡಗಿತು, ಆರು ಸಾವಿರ ತಲೆಗಳು ಮೆಲ್ಲಗೆ ಎದೆಯ ಮೇಲೆ ಬಾಗಿದವು.

ನಾನು ಮುಂದಕ್ಕೆ ಬಿದ್ದು ಅಪ್ಪನ ಬಲಗೈ ಎಳೆದೆ. ಹುಡುಗಿ ಬೆದರಿ ತನ್ನ ಹಿಡಿತ ಬಿಟ್ಟಳು. ಅಪ್ಪ ಬಿಡಲಿಲ್ಲ. ಮೂವತ್ತೆಂಟು ವರ್ಷ ಜೀನದ ಬೋಲ್ಟು ತಿರುಗಿಸಿದ ಕೈ ಅದು. ಅವಳು ನೋವಿಗೆ ಚೀರುತ್ತಿದ್ದಳು, ನಾನು ಒಂದೊಂದೇ ಬೆರಳು ಹಿಡಿದು ಬಿಡಿಸಲು ನೋಡುತ್ತಿದ್ದೆ. ತೋರುಬೆರಳು ಬಿಡಿಸಿದರೆ ನಡುಬೆರಳು ಬಿಗಿಯುತ್ತಿತ್ತು, ನಡುಬೆರಳು ಬಿಡಿಸಿದರೆ ತೋರುಬೆರಳು ಮರಳಿ ಬಿಗಿಯುತ್ತಿತ್ತು. ಮುಖ ನೋಡಿದೆ. ಅವ್ವ ತೀರಿದ ಮೇಲೆ ಅವನ ಮುಖದಲ್ಲಿ ಅಂಥ ನೆಮ್ಮದಿಯನ್ನು ನಾನು ಕಂಡಿರಲಿಲ್ಲ.

"ಸುಮ್ನಿರವಾ" ಎಂದ ಅಪ್ಪ, ಕಣ್ಣು ಮುಚ್ಚಿಕೊಂಡೇ. "ದೊಡ್ಡವರ ಮಾತು ಕೇಳಬೇಕು."